ಮಣ್ಣಿನಲ್ಲಿ ಉಳಿದ ಉದ್ಯಾನ

ಕಲ್ಲು ಉಳಿಯುವುದು ಸಹಜ. ಗಿಡಗಳಳಿದ ಮೇಲೆ ತೋಟವನ್ನು ಅಗೆದು ಕಾಣುವುದೆಂತು? ಇಂಗ್ಲೆಂಡಿನ ಫಿಶ್‌ಬೋರ್ನ್ ಗ್ರಾಮದಲ್ಲಿ 1960ರಲ್ಲಿ ನೀರಿನ ಕೊಳವೆಗಾಗಿ ನೆಲ ತೋಡಿದಾಗ ಕ್ರಿ.ಶ. ಒಂದನೆಯ ಶತಮಾನದ ರೋಮನ್ ಅರಮನೆಯೊಂದರ ಕುರುಹು ದೊರೆಯಿತು. ಮರುವರ್ಷದಿಂದ ಬ್ಯಾರಿ ಕನ್‌ಲಿಫ್ ಅವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ನೂರಾರು ಸ್ವಯಂಸೇವಕರು ದುಡಿದರು. ಅಂಗಳದ ನೆಲ ಜಲ್ಲಿ ಬೆರೆತ ಜೇಡಿ. ಬೇಲಿಗಿಡ ಬೇರೂರಲೆಂದು ರೋಮನ್ ತೋಟಗಾರರು ಸಾಲುಗುಳಿ ತೋಡಿ ಫಲವತ್ತಾದ ಮಣ್ಣು ತುಂಬಿದ್ದರು. ಆ ಮಣ್ಣಿನ ವರ್ಣಭೇದವೇ ಸಾಕ್ಷ್ಯ. ಗುದ್ದಲಿಯ ಒಂದೇಟಿಗೆ ಅದು ಅಳಿದೀತು. ಆದುದರಿಂದ ಕರಣೆಯಿಂದ ತೆಳುವಾಗಿ ಹೆರೆದು, ಬಣ್ಣ ಬದಲಾದೊಡನೆ ಕೈ ತಡೆಯಬೇಕು. ಮಸಿಯಳಿದ ಓಲೆಗರಿಯನ್ನು ಕಂಠದ ಗೀರಿನಿಂದಲೇ ಓದುವವರು ಈ ಕಷ್ಟವನ್ನು ಬಲ್ಲರು. ಅನಂತರ ಆ ಜಾಡಿನಲ್ಲಿಯೇ ಬಾಕ್ಸ್ ಗಿಡದ ಬೇಲಿಗಳನ್ನು ಮರಳಿ ನೆಡಲಾಯಿತು. ಉದ್ಯಾನದ ದಕ್ಷಿಣಾರ್ಧವು ಇಂದಿಗೂ ಮನೆಗಳ ಅಡಿಯಲ್ಲಿದೆ.