ಪೂರ್ತಿ ಪಿಕ್ಚರ್ ಕೊಡ್ರಿ

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್‌ನಿಂದಲೇ, ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಟಿವಿ ಮುಂದೆ ಕೂತಿದ್ದರು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಮುಟ್ಟಿಸಿದ ‘ಸೈಟ್’ ಪ್ರಯೋಗ ಅದು. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಶಹಾಪುರ, ಸುರಪುರ ಎಲ್ಲ ಗುಲಬರ್ಗಾದೊಳಗೇ ಇದ್ದವು. 1977ರಲ್ಲಿ ಗುಲಬರ್ಗಾಕ್ಕೇ ಒಂದು ದೂರದರ್ಶನ ಕೇಂದ್ರ ಬಂತು. ಹಿಂದುಳಿದ ಭಾಗ ಅನ್ನಿಸಿಕೊಂಡ ನಮ್ಮ ಕಡೆಯ ಜನರಿಗೆ ಸಣ್ಣ ಪರದೆಯ ರೂಢಿ ರಾಜಧಾನಿಗಿಂತ ಹಳೆಯದು. ಆದ್ದರಿಂದ ಸಣ್ಣ ಪರದೆಗೆ ಬಂದ ಸಿನೆಮಾ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಕೇಳುವ ಹಕ್ಕು ನಮಗಿದೆ ಎಂದು ನಾನು ನಂಬಿದ್ದೇನೆ.

ನಾನು ದೋರನಹಳ್ಳಿಗೆ ಸೊಸೆಯಾಗಿ ಬಂದವಳು, ಶಾಲೆ ಕಲಿಸುವವಳು. ಶಹಾಪುರದಿಂದ ಯಾದಗಿರಿಗೆ ಹೋಗುವ ರಸ್ತೆಯ ಮೇಲಿನ ದೊಡ್ಡ ಊರು ನಮ್ಮದು. ನಮ್ಮತ್ತೆಯವರ ಕಾಲದಲ್ಲಿ ಹೆಣ್ಣುಮಕ್ಕಳು ಟಾಕೀಜಿಗೆ ಹೋಗುವುದೆಂದರೆ ಮದುವೆಯಾದ ಹೊಸದರಲ್ಲಿ ಒಂದು ಸಲ, ದವಾಖಾನೆಗೆಂದು ಯಾದಗಿರಿಗೆ ಹೋದಾಗ ಇನ್ನೊಂದು ಸಲ. ಗಂಡಸರು ಸೆಕೆಂಡ್ ಶೋ ನೋಡಿ ಬಂದು ಕಥೆ ಹೇಳಿದರೆ ಅದೇ ಸಿನೆಮಾ. ಈ ಲೆಕ್ಕ ಬದಲಾದದ್ದು ವಿಡಿಯೋ ಬಂದ ಮೇಲೆ. ಮದುವೆಗೋ ಗಣಪತಿ ಹಬ್ಬಕ್ಕೋ ಶಹಾಪುರದಿಂದ ಟಿವಿ, ವಿಸಿಆರ್ ಬಾಡಿಗೆಗೆ ತಂದು, ಗುಡಿ ಕಟ್ಟೆಯ ಮೇಲಿಟ್ಟು ರಾತ್ರಿಯಿಡೀ ಪಿಕ್ಚರ್ ಹಾಕುತ್ತಿದ್ದರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದ ಚಿತ್ರ, ನಡುನಡುವೆ ಅಡ್ಡಗೆರೆ. ಆದರೂ ಹೆಂಗಸರು ಚಾಪೆ ಹಾಸಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ಆಮೇಲೆ ವಿಸಿಡಿ ಬಂತು, ಮನೆಯೊಳಗೇ ಬಂತು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದಾಗ, ಬಾಡಿಗೆಗೆ ತರುವುದಕ್ಕಿಂತ ಕೊಂಡು ಇಟ್ಟುಕೊಳ್ಳುವುದೇ ಲೇಸು ಎಂದಾಯಿತು.

ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸ್’ನಲ್ಲಿ (2008) ಕರಾವಳಿಯ ಸೂಲಗಿತ್ತಿಯ ಮನೆಗೆ ಟಿವಿ ಬಂದಾಗ ಊರ ಹೆಂಗಸರೆಲ್ಲ ಅಲ್ಲಿ ಸೇರುವುದನ್ನು ತೋರಿಸಿದ್ದಾರೆ. ಸಮುದ್ರ ಬಿಟ್ಟರೆ ಉಳಿದದ್ದೆಲ್ಲ ನಮ್ಮ ಓಣಿಯೇ.

ಈ ಹೆಂಗಸರು ಬರೀ ನೋಡಿ ಎದ್ದು ಹೋಗುವವರಲ್ಲ, ವಾದ ಮಾಡುವವರು. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದ (1967) ಕೊನೆಯ ಬಗ್ಗೆ ನಮ್ಮ ಮನೆಯಲ್ಲಿ ನಡೆದಷ್ಟು ಚರ್ಚೆ ಯಾವ ವಿಚಾರ ಸಂಕಿರಣದಲ್ಲೂ ನಡೆದಿರಲಾರದು. ತ್ರಿವೇಣಿಯವರ ಕಾದಂಬರಿ ಅದು. ಇಂದಿರೆಯ ಅಪ್ಪನ ದುಡ್ಡಿನಲ್ಲಿ ಪರದೇಶಕ್ಕೆ ಹೋಗಿ ಓದಿ ಬಂದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತೆಂದು ತಿಳಿದ ಮೇಲೆ ಮದುವೆಯಿಂದ ಹಿಂದೆ ಸರಿಯುತ್ತಾನೆ. ಪೆಟ್ಟಾಗಿ ಬಿದ್ದವನಿಗೆ ಅವಳೇ ಆರೈಕೆ ಮಾಡುತ್ತಾಳೆ. ಪಶ್ಚಾತ್ತಾಪಪಟ್ಟು ಕೇಳಿದಾಗ ಒಲ್ಲೆ ಅನ್ನುತ್ತಾಳೆ.

“ಬ್ಯಾನಿ ಬಿದ್ದಾಗ ಮಾಡಿದಾಕಿ ಮದುವಿ ಯಾಕ ಒಲ್ಲೆ ಅಂದ್ಳು? ಮಾಡ್ಕೋಬೇಕಾಗಿತ್ತು,” ಎಂದು ನಮ್ಮತ್ತೆ.

“ಅತ್ತಿ, ಮಾಡಿದ್ದು ಮನಿಷಾರ ಮ್ಯಾಲಿನ ಕರುಣಕ್ಕ. ಅಂವನ ಮ್ಯಾಲಿನ ಆಸೀಗಲ್ಲ,” ಎಂದು ನೆಗೆಣ್ಣಿ.

ಹತ್ತಿ ಬಿಡಿಸಲು ಹೋದಲ್ಲೂ ಈ ವಾದ ಮುಂದುವರಿದದ್ದುಂಟು. ಆದರೆ ತೀರ್ಮಾನಕ್ಕೆ ಬರಲು ಇಂದಿರೆಯಾದ ಕಲ್ಪನಾ ಅವರ ಮುಖ ನೋಡಬೇಕು. ಒಲ್ಲೆ ಎಂದಾಗ ಆ ಕಣ್ಣಲ್ಲಿ ಸಿಟ್ಟಿತ್ತೋ, ನೋವಿತ್ತೋ, ಎರಡೂ ಆರಿಹೋಗಿತ್ತೋ? ನಮಗೆ ಸಿಕ್ಕ ಡಿಸ್ಕಿನಲ್ಲಿ ಬೆಳಕಿದ್ದಲ್ಲಿ ಸುಣ್ಣ ಬಳಿದಂತೆ ಬಿಳುಪು, ನೆರಳಿದ್ದಲ್ಲಿ ಪೂರ್ತಿ ಕಪ್ಪು. ಕಣ್ಣಿನ ಜಾಗದಲ್ಲಿ ಎರಡು ಕರಿ ಮಚ್ಚೆ. ಪ್ರತಿ ಕೆಟ್ಟರೆ ಚಿತ್ರ ಮಸುಕಾಗುವುದಷ್ಟೇ ಅಲ್ಲ, ನೋಡುವವರು ಅರ್ಥ ಮಾಡಿಕೊಳ್ಳುವ ದಾರಿಯೇ ಮುಚ್ಚುತ್ತದೆ. ನಾನು ಈ ಲೇಖನ ಬರೆಯುತ್ತಿರುವುದು ಅದಕ್ಕೆ.

ವಿಸಿಡಿಯ ಒಂದು ಚೌಕಟ್ಟಿನಲ್ಲಿ ಅಡ್ಡ 352, ಉದ್ದ 288 ಚುಕ್ಕಿ. ಒಟ್ಟು ಸುಮಾರು ಒಂದು ಲಕ್ಷ. ಡಿವಿಡಿಯಲ್ಲಿ ನಾಲ್ಕು ಲಕ್ಷಕ್ಕೆ ಮೇಲೆ, ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ. ಆದರೆ ಚುಕ್ಕಿ ಹೆಚ್ಚಿದ ಮಾತ್ರಕ್ಕೆ ಚಿತ್ರ ಚೆನ್ನಾಗುವುದಿಲ್ಲ. ಯಾವ ರೀಲಿನಿಂದ ಇಳಿಸಿದರು ಎನ್ನುವುದೇ ಮುಖ್ಯ. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಒಂದೇ ಇರುತ್ತದೆ. ಅದರಿಂದ ಟಾಕೀಜುಗಳಿಗೆ ಪ್ರಿಂಟ್ ತೆಗೆಯುತ್ತಿದ್ದರು. ಊರೂರು ಸುತ್ತಿ ಸವೆದ ಪ್ರಿಂಟಿನಿಂದ ಡಿಸ್ಕ್ ಮಾಡಿದರೆ ಸವೆತವೆಲ್ಲ ಡಿಸ್ಕಿಗೆ ಬರುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಗೆರೆ ಹೆಚ್ಚಾಗಿ ಮಾತು ಹಾರುವುದನ್ನು ನೀವು ಗಮನಿಸಿರಬಹುದು. ಅಲ್ಲಿ ಒಂದು ರೀಲು ಮುಗಿದು ಇನ್ನೊಂದು ಶುರುವಾಗಿದೆ ಎಂದರ್ಥ. ಆಪರೇಟರ್ ಕೈ ಹೆಚ್ಚು ತಾಗುತ್ತಿದ್ದುದು ರೀಲಿನ ಆ ಎರಡು ತುದಿಗಳಿಗೇ. ಹೆಸರು ಬರುವ ಮೊದಲ ರೀಲು, ‘ಶುಭಂ’ ಬರುವ ಕೊನೆಯ ರೀಲು ಹೆಚ್ಚು ಹಾಳಾಗಿರುವುದೂ ಅದಕ್ಕೇ.

ಸವೆತವನ್ನಾದರೂ ಸಹಿಸಬಹುದು, ಕತ್ತರಿಯನ್ನಲ್ಲ. ಒಮ್ಮೆ ಕಲ್ಪನಾ ಅವರದೇ ಇನ್ನೊಂದು ಪಿಕ್ಚರ್ ಹಾಕಿದ್ದೆವು. ಮುಗಿದ ಮೇಲೆ ನಮ್ಮತ್ತೆ ಎದ್ದೇಳಲಿಲ್ಲ.

“ಯವ್ವಾ, ಇದರಾಗ ಒಂದು ಹಾಡು ಇಲ್ಲ ನೋಡು. ನಾ ಯಾದಗಿರಿ ಟಾಕೀಜಿನ್ಯಾಗ ನೋಡಿದಾಗ ಇತ್ತು.”

ವಯಸ್ಸಾದವರಿಗೆ ನೆನಪು ಕಲಸಿರಬೇಕು ಎಂದರು ಮನೆಯವರು. ನಾನು ಲೆಕ್ಕ ಹಾಕಿ ನೋಡಿದೆ. ಹಳೆಯ ಸಿನೆಮಾ ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ ಬರೆದಿರುತ್ತದೆ, ರೀಲಿನ ಸಂಖ್ಯೆಯೂ ಇರುತ್ತದೆ. ಟಾಕೀಜಿನಲ್ಲಿ ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುತ್ತಿತ್ತು. ಅಂದರೆ ನಿಮಿಷಕ್ಕೆ 90 ಅಡಿ, ಸುಮಾರು 27.4 ಮೀಟರ್. 4,000 ಮೀಟರ್ ಎಂದಿದ್ದರೆ ಸಿನೆಮಾ ಸುಮಾರು 146 ನಿಮಿಷ ಇರಬೇಕು. ನಮ್ಮ ದೇಶದ ವಿಡಿಯೋ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು. ಹಾಗಾಗಿ ಏನೂ ಕತ್ತರಿಸದಿದ್ದರೂ ಅದೇ ಸಿನೆಮಾ ಡಿಸ್ಕಿನಲ್ಲಿ 140 ನಿಮಿಷಕ್ಕೆ ಮುಗಿಯುತ್ತದೆ. ಈ ಆರು ನಿಮಿಷ ಕಳ್ಳತನವಲ್ಲ, ಬರೀ ವೇಗ. ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಯಾರೋ ಕತ್ತರಿ ಆಡಿಸಿದ್ದಾರೆ. ನಮ್ಮ ಡಿಸ್ಕಿನಲ್ಲಿ ವೇಗದ ಲೆಕ್ಕ ಕಳೆದ ಮೇಲೂ ಹತ್ತು ನಿಮಿಷಕ್ಕೂ ಹೆಚ್ಚು ಕಡಿಮೆ ಇತ್ತು. ನಮ್ಮತ್ತೆಯ ನೆನಪು ಸರಿಯಾಗಿತ್ತು.

ಒಂದು ವಿಸಿಡಿಗೆ 74ರಿಂದ 80 ನಿಮಿಷ ಹಿಡಿಸುತ್ತದೆ. ಎರಡೂವರೆ ತಾಸು ಮೀರಿದ ಸಿನೆಮಾಕ್ಕೆ ಮೂರನೆಯ ಡಿಸ್ಕ್ ಬೇಕಾಗುತ್ತಿತ್ತು, ಖರ್ಚು ಏರುತ್ತಿತ್ತು. ಎರಡರಲ್ಲೇ ಮುಗಿಸಬೇಕೆಂದರೆ ಮೊದಲು ಹೋಗುತ್ತಿದ್ದುದು ಹಾಡು, ಆಮೇಲೆ ಹಾಸ್ಯ. ನರಸಿಂಹರಾಜು ಅವರಂಥ ನಟರ ಎಷ್ಟು ಕೆಲಸ ಹೀಗೆ ಹಳ್ಳಿ ಮನೆಗಳಿಗೆ ತಲುಪದೇ ಹೋಯಿತೋ ಎಂದು ನೆನೆದರೆ ಸಂಕಟವಾಗುತ್ತದೆ.

ಆ 25 ಚೌಕಟ್ಟಿನ ವೇಗ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಓಣಿಯಲ್ಲಿ ಭಜನೆಗೆ ಪೇಟಿ ಬಾರಿಸುವ ಕಾಕಾ ಒಬ್ಬರಿದ್ದಾರೆ. ಪಿ.ಬಿ. ಶ್ರೀನಿವಾಸ್ ಅವರ ಹಾಡುಗಳೆಂದರೆ ಪ್ರಾಣ. “ರೇಡಿಯೋದಾಗಿನ ಹಾಡಿಗೆ ಪೇಟಿ ಕೂಡ್ತದ, ನಿಮ್ಮ ಡಿಸ್ಕಿನ ಹಾಡಿಗೆ ಕೂಡವಲ್ದು. ಒಂಚೂರು ಮ್ಯಾಲ ಅದ,” ಎಂದರು. ಕಾಕಾನ ಕಿವಿ ಹೇಳಿದ್ದು ನಿಜ. ಶೇಕಡಾ ನಾಲ್ಕರಷ್ಟು ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತದೆ, ಪೇಟಿಯ ಒಂದು ಮನೆಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಯಾವ ಮನೆಗೂ ಅದು ಹೊಂದುವುದಿಲ್ಲ.

ಇನ್ನು ಚೌಕಟ್ಟಿನ ಜಗಳ. ಎಪ್ಪತ್ತರ ದಶಕದ ನಡುವಿನವರೆಗೆ ಕನ್ನಡ ಸಿನೆಮಾದ ಚೌಕಟ್ಟು ಹಳೆಯ ಟಿವಿಯಂತೆ ಚೌಕಕ್ಕೆ ಹತ್ತಿರ. ಅಗಲವಾದ ಸಿನೆಮಾಸ್ಕೋಪ್ ಕನ್ನಡಕ್ಕೆ ಮೊದಲು ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಲ್ಲಿ. ಅಂಥ ಸಿನೆಮಾವನ್ನು ಹಳೆಯ ಟಿವಿಯಲ್ಲಿ ಪೂರ್ತಿ ತೋರಿಸಿದರೆ ಮೇಲೆ ಕೆಳಗೆ ಕರಿ ಪಟ್ಟಿ ಬರುತ್ತದೆ. ಡಿಸ್ಕ್ ಕೆಟ್ಟಿದೆ, ಅರ್ಧ ಪರದೆ ಖಾಲಿ ಎಂದು ಜನ ಅಂಗಡಿಗೆ ವಾಪಸ್ ಒಯ್ಯುತ್ತಿದ್ದರು. ಪಟ್ಟಿ ಇದ್ದ ಡಿಸ್ಕಿನಲ್ಲೇ ಪೂರ್ತಿ ಚಿತ್ರ ಇತ್ತು. ಪಟ್ಟಿ ಇಲ್ಲದ್ದರಲ್ಲಿ ಎಡಬಲ ಕತ್ತರಿಸಿಹೋಗಿ, ಮಾತಾಡುವ ಇಬ್ಬರಲ್ಲಿ ಒಬ್ಬರ ಮೂಗಷ್ಟೇ ಉಳಿದಿರುತ್ತಿತ್ತು.

ಈಗಿನ ಅಗಲ ಟಿವಿಗಳಲ್ಲಿ ಉಲ್ಟಾ ಕಥೆ. ಸುರಪುರ ಬೇಡ ನಾಯಕರ ಸಂಸ್ಥಾನವಾಗಿತ್ತು. ಈ ಸೀಮೆಯಲ್ಲಿ ‘ಬೇಡರ ಕಣ್ಣಪ್ಪ’ (1954) ಎಂದರೆ ಬರೀ ರಾಜಕುಮಾರ್ ನಾಯಕರಾದ ಮೊದಲ ಸಿನೆಮಾ ಅಲ್ಲ, ತಮ್ಮ ಮನೆಯ ಕಥೆ ಎಂದು ನೋಡುವವರಿದ್ದಾರೆ. ಅದನ್ನು ಹೊಸ ಟಿವಿಯಲ್ಲಿ ಹಾಕಿ, ಪರದೆ ತುಂಬ ಬರಲಿ ಎಂದು ಎಳೆದರೆ ಮುಖ ಮೂರರಲ್ಲಿ ಒಂದು ಪಾಲು ಅಗಲವಾಗುತ್ತದೆ. ಸಪೂರ ಹರೆಯದ ರಾಜಕುಮಾರ್ ಕಾಣದೆ ಬೇರೆ ಯಾರೋ ಕಾಣುತ್ತಾರೆ. ನಮ್ಮ ಮನೆಯ ಹುಡುಗರಿಗೆ ರಿಮೋಟಿನಲ್ಲಿ 4:3 ಒತ್ತುವುದನ್ನು ಕಲಿಸಿದ್ದೇನೆ. ಎಡಬಲ ಕರಿ ಪಟ್ಟಿ ಬರಲಿ, ಕಣ್ಣಪ್ಪ ಕಣ್ಣಪ್ಪನಂತೆ ಕಾಣಲಿ.

ಪುಟ್ಟಣ್ಣನವರದೇ ‘ನಾಗರಹಾವು’ (1972) 2018ರಲ್ಲಿ ಡಿಜಿಟಲ್ ಸಿನೆಮಾಸ್ಕೋಪ್ ಆಗಿ ಮತ್ತೆ ಬಿಡುಗಡೆಯಾದಾಗ ಈ ಚರ್ಚೆ ನಮ್ಮಲ್ಲೂ ಆಯಿತು. ಹೊಸ ಪೀಳಿಗೆ ದೊಡ್ಡ ಪರದೆಯಲ್ಲಿ ನಾಯಕ ರಾಮಾಚಾರಿಯನ್ನು ನೋಡಿ ಶಿಳ್ಳೆ ಹಾಕಿದ್ದು ನನಗೂ ಸಂತೋಷವೇ. ಆದರೆ ಚೌಕಕ್ಕೆ ಹತ್ತಿರದ ಚಿತ್ರವನ್ನು ಎಳೆಯದೆ ಸಿನೆಮಾಸ್ಕೋಪ್ ಅಗಲಕ್ಕೆ ತುಂಬಿಸಬೇಕಾದರೆ ಮೇಲೆ ಕೆಳಗೆ ಸೇರಿ ಸುಮಾರು ಐದರಲ್ಲಿ ಎರಡು ಪಾಲು ಬಿಡಬೇಕಾಗುತ್ತದೆ. ಚಿತ್ರದುರ್ಗದ ಕೋಟೆಯ ಎತ್ತರವೇ ಆ ಸಿನೆಮಾದ ಜೀವ. ಬಂಡೆಯ ಕೆಳಗೆ ಮನುಷ್ಯ ಎಷ್ಟು ಸಣ್ಣವನು ಎಂದು ಪುಟ್ಟಣ್ಣ ತೋರಿಸಿದ್ದು ಮೇಲಿನ ಆಕಾಶ ಸೇರಿಸಿಕೊಂಡೇ. ಮನೆಗೆ ಬರುವ ಪ್ರತಿಯಾದರೂ ಮೂಲ ಚೌಕಟ್ಟಿನದೇ ಆಗಿರಬೇಕು.

ಬಣ್ಣದ ವಿಷಯದಲ್ಲೂ ನನ್ನ ಮಾತು ಇದೇ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ದೊರೈ–ಭಗವಾನರ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ತುಂಬಿಸಿಕೊಂಡು ಬಂದವು. ತೆಲುಗಿನಲ್ಲೂ 1965ರಲ್ಲೇ ಎನ್.ಟಿ. ರಾಮರಾವ್ ಹರಿಶ್ಚಂದ್ರನಾಗಿದ್ದರು. ಗಡಿ ಹತ್ತಿರದ ನಮ್ಮಲ್ಲಿ ಎರಡನ್ನೂ ನೋಡಿದ ಹಿರಿಯರಿದ್ದಾರೆ, ಯಾವುದು ಮೇಲು ಎಂಬ ಅವರ ವಾದ ಇನ್ನೂ ಮುಗಿದಿಲ್ಲ. ಬಣ್ಣ ಬಂದದ್ದರಿಂದ ಮೊಮ್ಮಕ್ಕಳು ಕೂತು ನೋಡಿದರು, ಒಪ್ಪುತ್ತೇನೆ. ಆದರೆ ಸುಡುಗಾಡಿನಲ್ಲಿ ಎಂ.ಪಿ. ಶಂಕರ್ ವೀರಬಾಹುವಾಗಿ ಕುಣಿಯುವಾಗ, ಘಂಟಸಾಲ ಅವರ ದನಿ ಏರುವಾಗ, ಆ ಕಪ್ಪು ಬಿಳುಪಿನ ರೌದ್ರಕ್ಕೆ ಬಣ್ಣ ಏನನ್ನೂ ಕೂಡಿಸಲಿಲ್ಲ. ಅಂದಿನ ಕ್ಯಾಮೆರಾಮನ್‌ಗಳು ಬೆಳಕು ನೆರಳು ಅಳೆದು ಇಟ್ಟವರು. ಬಣ್ಣದ ಪ್ರತಿಯ ಪಕ್ಕದಲ್ಲಿ ಅಷ್ಟೇ ಶುಚಿಯಾದ ಕಪ್ಪು ಬಿಳುಪಿನ ಪ್ರತಿಯೂ ಅದೇ ಬೆಲೆಗೆ ಸಿಗಬೇಕು. ಅದೇ ನ್ಯಾಯ.

ಶುಚಿ ಪ್ರತಿ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಹಳೆಯ ಕನ್ನಡ ಸಿನೆಮಾಗಳಲ್ಲಿ ಬಹಳಷ್ಟು ತಯಾರಾದದ್ದು ಮದರಾಸಿನಲ್ಲಿ, ನೆಗೆಟಿವ್‌ಗಳು ಉಳಿದದ್ದೂ ಅಲ್ಲಿನ ಲ್ಯಾಬುಗಳಲ್ಲೇ. ಶಾಖ ಮತ್ತು ತೇವದಲ್ಲಿ ಫಿಲ್ಮು ಹುಳಿ ವಾಸನೆ ಹೊಡೆದು, ಸೊಟ್ಟಗಾಗಿ, ಕೊನೆಗೆ ಪುಡಿಯಾಗುತ್ತದೆ. ಕೊಲ್ಹಾಪುರದಲ್ಲಿ ಚಿತ್ರೀಕರಿಸಿ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಹಾಗಂತ ಕೈಚೆಲ್ಲಿ ಕೂಡಬೇಕಿಲ್ಲ. ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅದರ ಜೊತೆಗಾರ ಸಂಸ್ಥೆಗಳು ಅದನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಪ್ರದರ್ಶನವಾಯಿತು. ಒಂದು ಸಿನೆಮಾಕ್ಕೆ ಆದದ್ದು ‘ಬೆಳ್ಳಿಮೋಡ’ಕ್ಕೂ ‘ಗೆಜ್ಜೆಪೂಜೆ’ಗೂ ಆಗಬೇಕು. ಆಗಿ, ವೆನಿಸ್‌ನಲ್ಲಿ ನಿಲ್ಲದೆ ಶಹಾಪುರ ತಾಲ್ಲೂಕಿನ ಮನೆಗಳ ತನಕ ಬರಬೇಕು.

ಹಕ್ಕು ಇಟ್ಟುಕೊಂಡವರಲ್ಲಿ ನನ್ನ ಬೇಡಿಕೆ ಇಷ್ಟೆ: ಮೂಲ ಚೌಕಟ್ಟಿನಲ್ಲಿ, ಒಂದು ಹಾಡೂ ಬಿಡದೆ, ಪರದೆಯ ಮೂಲೆಯಲ್ಲಿ ಕಂಪನಿಯ ಮುದ್ರೆ ಒತ್ತದೆ ಪೂರ್ತಿ ಪಿಕ್ಚರ್ ಕೊಡ್ರಿ. ದುಡ್ಡು ಕೊಡಲು ನಾವು ತಯಾರಿದ್ದೇವೆ. ಓದುಗರಿಗೂ ಒಂದು ಮಾತು. ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ಟು, ಡಿಸ್ಕು ಗುಜರಿಗೆ ಹಾಕುವ ಮುನ್ನ ಒಮ್ಮೆ ಹಾಕಿ ನೋಡಿ. ಈಗ ಸಿಗುವ ಪ್ರತಿಯಲ್ಲಿಲ್ಲದ ಹಾಡೊಂದು ನಿಮ್ಮದರಲ್ಲಿ ಇದ್ದೀತು. ಸರ್ಟಿಫಿಕೇಟ್ ಬಂದಾಗ ನಿಲ್ಲಿಸಿ ಮೀಟರ್ ಬರೆದುಕೊಳ್ಳಿ, 27.4ರಿಂದ ಭಾಗಿಸಿ. ಮನೆಯ ಹಿರಿಯರು ಇದರಲ್ಲೊಂದು ಹಾಡಿಲ್ಲ ಎಂದರೆ, ಮೊದಲು ಅವರ ಮಾತು ನಂಬಿ.