ತಿರುಗುವ ದಂಡಕ್ಕೊಂದು ಕಾಪು

ಸುಗ್ಗಿಯ ಕಣದಲ್ಲಿ ಎತ್ತುಗಳ ಹಂತಿ ಈಗ ಅಪರೂಪವಾಗಿದೆ. ಟ್ರಾಕ್ಟರು ನಿಂತಲ್ಲಿಯೇ ನಿಂತು ರಾಗಿಯ ಒಕ್ಕಣೆ ಯಂತ್ರವನ್ನು ಓಡಿಸುತ್ತದೆ. ಎಂಜಿನ್ನಿನ ಬಲವನ್ನು ಯಂತ್ರಕ್ಕೆ ಒಯ್ಯುವುದು ಇವೆರಡರ ನಡುವಣ ಉಕ್ಕಿನ ದಂಡ. ಇದನ್ನೇ ಪಿ.ಟಿ.ಓ. ಶಾಫ್ಟು ಎನ್ನುವರು. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯು 1918ರಲ್ಲಿಯೇ ಈ ಏರ್ಪಾಡುಳ್ಳ ಟ್ರಾಕ್ಟರನ್ನು ಮಾರಾಟಕ್ಕೆ ತಂದಿತ್ತು.

ಈ ದಂಡದ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಎಂದರೆ ಸೆಕೆಂಡಿಗೆ 9. ತರಗತಿಯ ಹುಡುಗರಿಗೆ ಕೊಡುವಂಥ ಒಂದು ಲೆಕ್ಕವನ್ನು ಮಾಡಿ ನೋಡೋಣ. ದಂಡದ ವ್ಯಾಸ 7.5 ಸೆಂಟಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು 23.5 ಸೆಂಟಿಮೀಟರ್. ಒಂಬತ್ತು ಸುತ್ತಿಗೆ ಎರಡು ಮೀಟರಿಗೂ ಮಿಗಿಲಾದ ಬಟ್ಟೆ ಸುತ್ತಿಕೊಳ್ಳುತ್ತದೆ! ‘ಅಯ್ಯೋ’ ಎಂದು ಕೈ ಹಿಂದೆಗೆಯುವ ಅರೆ ಸೆಕೆಂಡಿನಲ್ಲಿ ಒಂದು ಮೀಟರು ಹೋಗಿಬಿಟ್ಟಿರುತ್ತದೆ. ದಂಡ ನುಣುಪಾಗಿ ಕಂಡರೂ ಅದರ ಕೀಲಿನ ಪಿನ್ನು, ಬೋಲ್ಟಿನ ತಲೆ, ಒಣಗಿದ ಕೆಸರು ಸಹ ಸೀರೆಯ ಸೆರಗಿಗೋ ಹೆಗಲ ಟವೆಲಿಗೋ ಕೊಕ್ಕೆಯಾಗಬಲ್ಲವು. ಒಮ್ಮೆ ಸಿಕ್ಕ ಬಟ್ಟೆ ಸುತ್ತು ಸುತ್ತಿಗೂ ಬಿಗಿಯಾಗುತ್ತದೆ. ಮನುಷ್ಯನ ಬಲ ಅಲ್ಲಿ ನಡೆಯದು.

ಇದಕ್ಕೆ ಪರಿಹಾರ ಬಹು ಸರಳ. ದಂಡದ ಮೇಲೆ ಪ್ಲಾಸ್ಟಿಕ್ಕಿನ ಕೊಳವೆ, ಎರಡು ತುದಿಯ ಕೀಲುಗಳಿಗೆ ಆಲಿಕೆಯಂಥ ಮುಸುಕು, ಟ್ರಾಕ್ಟರಿನ ಕಡೆ ಲೋಹದ ತಡೆ. ಒಳಗೆ ದಂಡ ತಿರುಗುತ್ತಿದ್ದರೂ ಹೊರಗಿನ ಕೊಳವೆ ತಿರುಗದಂತೆ ಒಂದು ಸರಪಣಿ ಅದನ್ನು ಹಿಡಿದಿರುತ್ತದೆ. ನಮ್ಮ ಹಳೆಯ ಮಾತಿನಲ್ಲಿ ಇದೇ ‘ಕಾಪು’. ‘ಕಾಪಾಡು’ ಎಂಬುದರಲ್ಲಿ ಇರುವುದೂ ಈ ಪದವೇ.

ಕಾಪು ಸರಿಯಾಗಿದೆಯೇ ಎಂದು ನೋಡುವ ಬಗೆ ಹೀಗೆ: ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದು ಜೇಬಿಗೆ ಹಾಕಿ, ದಂಡ ಪೂರ್ತಿ ನಿಂತ ಮೇಲೆ ಸರಪಣಿ ಬಿಚ್ಚಿ ಕೊಳವೆಯನ್ನು ಕೈಯಿಂದ ತಿರುಗಿಸಿರಿ. ಅದು ಸಲೀಸಾಗಿ ತಿರುಗಬೇಕು. ದಂಡಕ್ಕೆ ಕಚ್ಚಿಕೊಂಡಿದ್ದರೆ, ಒಡೆದಿದ್ದರೆ ಕಾಪು ಇದ್ದೂ ಇಲ್ಲದಂತೆಯೇ. ಪರೀಕ್ಷೆ ಮುಗಿದೊಡನೆ ಸರಪಣಿಯನ್ನು ಮತ್ತೆ ಬಿಗಿಯಿರಿ. ತಿರುಗುವ ದಂಡವನ್ನು ದಾಟಬೇಡಿರಿ. ನಾಲ್ಕು ಹೆಜ್ಜೆ ಹೆಚ್ಚಾದರೂ ಬಳಸಿ ಹೋಗಿರಿ. ಕಣಕ್ಕೆ ಬಂದ ಮಕ್ಕಳನ್ನು ದೂರವಿರಿಸಿರಿ.

ಶಕ್ತಿಚಾಲಿತ ಒಕ್ಕಣೆ ಯಂತ್ರಗಳ ಅಪಾಯವನ್ನು ಕಂಡು ಭಾರತ ಸರಕಾರವು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಆದರೆ ರಿಪೇರಿಗೆಂದು ಕಳಚಿದ ಕಾಪನ್ನು ಮತ್ತೆ ತೊಡಿಸಬೇಕಾದವರು ನಾವೇ ಅಲ್ಲವೆ?

ಕರ್ಣನು ತನ್ನ ಕವಚವನ್ನು ಕಳಚಿಕೊಟ್ಟದ್ದು ಇಂದ್ರನೇ ಬಂದು ಬೇಡಿದಾಗ. ನಾವಾದರೋ ಯಾರೂ ಬೇಡದೆಯೇ ಅದನ್ನು ಕೊಟ್ಟಿಗೆಯ ಮೂಲೆಗೆ ಎಸೆಯುತ್ತೇವೆ. ಈ ಸಲ ಒಕ್ಕಣೆಗೆ ಮುಂಚೆ ಆ ಮೂಲೆಯನ್ನೊಮ್ಮೆ ನೋಡಿರಿ.