ಪಳಗಿದ ಸಿಡಿಲು

ಮುಂಗಾರಿನ ಸಂಜೆ ರೇಡಿಯೋ ಮುಂದೆ ಕುಳಿತಿದ್ದಾಗ, ದೂರದಲ್ಲೆಲ್ಲೋ ಮಿಂಚು ಹೊಳೆದೊಡನೆ ಸಂಗೀತದ ನಡುವೆ ‘ಚರ್’ ಎಂಬ ಸದ್ದು ಬರುವುದನ್ನು ತಾವು ಕೇಳಿರಬಹುದು. ಮೋಡದಲ್ಲಿ ಮೆಲ್ಲಗೆ ಕೂಡಿದ ವಿದ್ಯುತ್ತು ಥಟ್ಟನೆ ಹರಿದುದರ ಗುರುತು ಅದು. ಸ್ಪಂದ-ವೇಗವರ್ಧಕವೆಂಬ ಯಂತ್ರದ ಗುಟ್ಟೂ ಇದೇ.

ಒಂದು ಲೆಕ್ಕ ನೋಡಿ. 60 ವಾಟಿನ ಬಲ್ಬು ಒಂದು ನಿಮಿಷ ಉರಿಯಲು ಬೇಕಾಗುವ ಶಕ್ತಿ 3,600 ಜೂಲ್. ಅಷ್ಟನ್ನೇ ಕಂಡೆನ್ಸರುಗಳಲ್ಲಿ ಕೂಡಿಟ್ಟು, ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ 60 ಪಾಲಿನಷ್ಟೇ ಕಾಲದಲ್ಲಿ ಹೊರಬಿಟ್ಟರೆ, ಆ ಗಳಿಗೆಯ ಸಾಮರ್ಥ್ಯ 6,000 ಕೋಟಿ ವಾಟ್! ಶಕ್ತಿ ಹೆಚ್ಚಲಿಲ್ಲ, ಕಾಲ ಕುಗ್ಗಿತು, ಅಷ್ಟೇ. ಈ ಹೊಡೆತದಿಂದ ಎಲೆಕ್ಟ್ರಾನು ಅಥವಾ ಅಯಾನುಗಳನ್ನು ತಳ್ಳಿ ಕಿರಣವಾಗಿಸಬಹುದು.

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಇಂಥ ದೈತ್ಯ ಯಂತ್ರಗಳನ್ನು ಬಳಸಿದುದು ಅಣ್ವಸ್ತ್ರದ ವಿಕಿರಣವನ್ನು ಉಪಕರಣಗಳು ತಾಳಬಲ್ಲವೇ ಎಂದು ಪರೀಕ್ಷಿಸಲು. ಅದಕ್ಕೆ ದಿನಕ್ಕೆ ಒಂದೆರಡು ಹೊಡೆತವಾದರೂ ಸಾಕು. ಕಾರ್ಖಾನೆಗೆ ಅದು ಎಲ್ಲಿ ಸಾಕು?

ತೊಡಕಿದ್ದುದು ಸ್ವಿಚ್ಚಿನಲ್ಲಿ. ಕಿಡಿ ಹಾರಿಸುವ ಸ್ವಿಚ್ಚಿನ ಲೋಹ ಪ್ರತಿ ಸಲವೂ ಸವೆಯುತ್ತದೆ. ನಡುವಣ ಅನಿಲ ತಣಿಯಲೂ ಬಿಡುವು ಬೇಕು. ಇದಕ್ಕೆ ಪರಿಹಾರ ಕಾಂತ-ಸ್ವಿಚ್ಚು. ಇದರ ತತ್ತ್ವವನ್ನು ಮೆಲ್ವಿಲ್ ಎಂಬವರು 1951ರಲ್ಲೇ ವಿವರಿಸಿದ್ದರು. ಲೋಹದ ತಿರುಳುಳ್ಳ ತಂತಿಸುರುಳಿ ಮೊದಲು ವಿದ್ಯುತ್ತನ್ನು ತಡೆಯುತ್ತದೆ. ತಿರುಳು ಕಾಂತತ್ವದಿಂದ ತುಂಬಿದೊಡನೆ ತಡೆ ತಾನಾಗಿ ಕಳಚುತ್ತದೆ, ಕೆರೆಯ ತೂಬು ತೆರೆದಂತೆ. ಕಿಡಿಯಿಲ್ಲ, ಸವೆತವಿಲ್ಲ. ಇಂಥವನ್ನು ಸಾಲಾಗಿ ಜೋಡಿಸಿದರೆ ಸ್ಪಂದ ಹಂತಹಂತಕ್ಕೂ ಮೊಟಕಾಗುತ್ತದೆ. 1990ರ ದಶಕದಲ್ಲಿ ಸ್ಯಾಂಡಿಯಾದವರು ಈ ಬಗೆಯಲ್ಲಿ ಸೆಕೆಂಡಿಗೆ 120 ಸ್ಪಂದಗಳವರೆಗಿನ ಯಂತ್ರವನ್ನು ರೂಪಿಸಿದರು. ಇಡೀ ದಿನ ಆ ವೇಗದಲ್ಲೇ ನಡೆದರೆ ಕೋಟಿಗೂ ಮೀರಿದ ಹೊಡೆತಗಳಾಗುತ್ತವೆ!

ಉಪಯೋಗವೇನೆಂದು ತಾವು ಕೇಳಬಹುದು. ಕಮ್ಮಾರನು ಕೆಂಪಗೆ ಕಾದ ಕುಡುಗೋಲನ್ನು ನೀರಿಗದ್ದಿ ಹದಗೊಳಿಸುವುದನ್ನು ಕಂಡಿದ್ದೀರಷ್ಟೆ? ಅಯಾನು ಕಿರಣವು ಲೋಹದ ಮೇಲ್ಮೈಯನ್ನು, ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ಆಳಕ್ಕೆ ಮಾತ್ರ, ಕರಗಿಸುತ್ತದೆ. ಒಳಗಿನ ತಣ್ಣನೆಯ ಲೋಹವೇ ಇಲ್ಲಿ ನೀರಿನ ತೊಟ್ಟಿ. ಮರುಗಳಿಗೆಯಲ್ಲೇ ಹೆಪ್ಪುಗಟ್ಟುವುದರಿಂದ ಲೋಹದ ಕಣಗಳಿಗೆ ದಪ್ಪನಾಗಿ ಬೆಳೆಯಲು ಸಮಯವಿಲ್ಲ. ಹಲವು ಲೋಹಗಳಲ್ಲಿ ಇದರಿಂದ ಮೇಲ್ಮೈ ಗಟ್ಟಿಯಾಗಿ, ಸವೆತವನ್ನೂ ತುಕ್ಕನ್ನೂ ತಡೆಯುತ್ತದೆ. ರಾಸಾಯನಿಕ ಲೇಪ ಬೇಡ, ಅದರ ಕೊಳಕು ನೀರೂ ಇಲ್ಲ.

ನಿರ್ವಾತದ ಪೆಟ್ಟಿಗೆ, ವಿಕಿರಣಕ್ಕೆ ಮರೆಯಾಗುವ ಗೋಡೆ ಇವೆಲ್ಲ ದುಬಾರಿಯೇ ಸರಿ. ಹದಗೊಂಡ ಉಪಕರಣವು ಎಷ್ಟು ಹೆಚ್ಚು ಕಾಲ ಬಾಳುವುದೆಂಬ ಲೆಕ್ಕವೇ ಕೊನೆಗೆ ಕಾರ್ಖಾನೆಯ ಬಾಗಿಲನ್ನು ತೆರೆಯಬೇಕು.